ಒಂದು ಸಲ ಅಳೆಯಿರಿ, ನೂರು ಸಲ ಕೊಯ್ಯಿರಿ: ಜೇನುಪೆಟ್ಟಿಗೆಗೆ ಮನೆಯಲ್ಲೇ ಮಾಡಿಕೊಳ್ಳುವ ಜಿಗ್‌ಗಳು

ಈ ವಾರ ಗೊಬ್ಬರ, ಕೀಟ, ರೋಗ ಯಾವುದೂ ಇಲ್ಲ. ಈ ವಾರ ಗರಗಸದ ವಿಷಯ. ತೋಟಗಾರಿಕೆ ಪದವಿ ಮಾಡಿದವನಿಗೆ ಬಡಗಿ ಕೆಲಸ ಯಾಕೆ ಬೇಕಿತ್ತು ಅಂತ ನೀವು ಕೇಳಬಹುದು. ನಮ್ಮ ಮನೆಯಲ್ಲೂ ಅದನ್ನೇ ಕೇಳಿದ್ದರು. ಉತ್ತರ ಸಿಕ್ಕಿದ್ದು ಒಂದು ಜೇನು ಸಂಸಾರ ಕಳೆದುಕೊಂಡ ಮೇಲೆ.

ಅಪ್ಪ ಮೊದಲು ಜೇನು ಸಾಕುತ್ತಿದ್ದರು. 1990ರ ದಶಕದ ಆರಂಭದಲ್ಲಿ ಥಾಯ್ ಸ್ಯಾಕ್‌ಬ್ರೂಡ್ ವೈರಸ್ ಬಂದು ದಕ್ಷಿಣ ಭಾರತದ ತುಡುವೆ ಜೇನು ಸಂಸಾರಗಳು ರಾಶಿ ರಾಶಿ ಸತ್ತವಲ್ಲ, ಆಗ ನಮ್ಮ ಪೆಟ್ಟಿಗೆಗಳೂ ಖಾಲಿಯಾಗಿ ಅಟ್ಟ ಸೇರಿದವು. ನಾನು ಓದು ಮುಗಿಸಿ ಊರಿಗೆ ಬಂದು, ರಾಸಾಯನಿಕ ಬಿಟ್ಟು ತೋಟ ಮಾಡಲು ಶುರು ಮಾಡಿದ ಮೇಲೆ ಆ ಪೆಟ್ಟಿಗೆಗಳನ್ನು ಕೆಳಗಿಳಿಸಿದೆ. ಸಂಸಾರ ಹೆಚ್ಚಾಯಿತು, ಪೆಟ್ಟಿಗೆ ಸಾಲದಾಯಿತು. ಗಾಳಿಗೆ ಬಿದ್ದ ಹಲಸಿನ ಮರ ಕೊಯ್ಸಿ ಇಟ್ಟಿದ್ದ ಹಲಗೆ ಇತ್ತು. ನಾನೇ 6 ಪೆಟ್ಟಿಗೆ ಮಾಡಿದೆ. ಟೇಪು ಹಿಡಿದು, ಪೆನ್ಸಿಲ್ ಗೆರೆ ಎಳೆದು, ಒಂದೊಂದೇ ತುಂಡು ಕೊಯ್ದೆ. ನೋಡಲು ಚೆನ್ನಾಗೇ ಇದ್ದವು.

ಮರುವರ್ಷ ಒಂದು ಪೆಟ್ಟಿಗೆಯಲ್ಲಿ ರಾಣಿ ಇಲ್ಲದಾಯಿತು. ಇಂಥ ಹೊತ್ತಲ್ಲಿ ಏನು ಮಾಡಬೇಕು ಅಂತ ಜೇನು ಸಾಕುವವರಿಗೆ ಗೊತ್ತು. ಗಟ್ಟಿ ಸಂಸಾರದಿಂದ ಹೊಸ ಮೊಟ್ಟೆ ಇರುವ ಒಂದು ಎರಿ ತೆಗೆದು ಕೊಟ್ಟರೆ ಕೆಲಸಗಾರ ನೊಣಗಳು ಅದರಿಂದಲೇ ಹೊಸ ರಾಣಿ ಬೆಳೆಸಿಕೊಳ್ಳುತ್ತವೆ. ಅಪ್ಪನ ಹಳೆ ಪೆಟ್ಟಿಗೆಯಿಂದ ಚೌಕಟ್ಟು ತೆಗೆದು ನನ್ನ ಪೆಟ್ಟಿಗೆಗೆ ಇಳಿಸಿದೆ, ಇಳಿಯಲಿಲ್ಲ. ನನ್ನದೇ ಇನ್ನೊಂದು ಪೆಟ್ಟಿಗೆಯ ಚೌಕಟ್ಟು ನೋಡಿದೆ, ಅದೂ ಸಿಕ್ಕಿಕೊಂಡಿತು. ಗಡಿಬಿಡಿಯಲ್ಲಿ ಹೆಬ್ಬೆರಳಿಂದ ಒತ್ತಿದೆ. ಚೌಕಟ್ಟು ಓರೆಯಾಗಿ ಎರಿ ಕಿತ್ತು ಕೆಳಗೆ ಬಿತ್ತು. ಮೊಟ್ಟೆ, ಮರಿ, ನೊಣ ಎಲ್ಲ ಅಡಿಮಣೆಯ ಮೇಲೆ ಮುದ್ದೆ. ವಾರದೊಳಗೆ ಪೆಟ್ಟಿಗೆ ಖಾಲಿ.

ಆಮೇಲೆ ಅಳೆದು ನೋಡಿದರೆ ಮೇಲ್ಪಟ್ಟಿ 3 ಮಿ.ಮೀ ಉದ್ದ, ಪೆಟ್ಟಿಗೆಯ ಒಳಗು 4 ಮಿ.ಮೀ ಗಿಡ್ಡ. ಬೇರೆ ಬೇರೆ ನೋಡಿದರೆ ಎರಡೂ ಸಣ್ಣ ತಪ್ಪು. ಸೇರಿದರೆ 7 ಮಿ.ಮೀ.

ಊರಿನ ಆಚಾರ್ರಿಗೆ ತೋರಿಸಿದೆ. ಅವರು ಒಂದು ನಿಮಿಷ ತಿರುಗಿಸಿ ನೋಡಿ ಹೇಳಿದ್ದು ಇಷ್ಟೇ: "ಪ್ರತಿ ತುಂಡಿಗೂ ಟೇಪು ಹಿಡಿದಿದ್ದೀಯಲ್ಲ ತಮ್ಮಾ, ಅದೇ ತಪ್ಪು." ಅವರ ಕೊಟ್ಟಿಗೆಯಲ್ಲಿ ಟೇಪಿಗಿಂತ ಹೆಚ್ಚು ಇದ್ದದ್ದು ಅಳತೆ ಕೋಲುಗಳು, ಮೊಳೆ ಹೊಡೆದ ರೀಪುಗಳು, ಗೀರು ಬಿದ್ದ ಮರದ ತೊಟ್ಟಿಗಳು. ಬಾಗಿಲಿಗೊಂದು, ಕಿಟಕಿಗೊಂದು. ಇವಕ್ಕೇ ಈಗಿನ ಮಾತಿನಲ್ಲಿ ಜಿಗ್ ಅನ್ನುವುದು. ಗರಗಸವನ್ನೂ ಮರವನ್ನೂ ಪ್ರತಿ ಸಲ ಒಂದೇ ಜಾಗದಲ್ಲಿ ನಿಲ್ಲಿಸುವ ಸಾಧನ, ಅಷ್ಟೇ.

ಮಿಲಿಮೀಟರ್ ಲೆಕ್ಕ ಯಾಕೆ ಬೇಕು?

ಕೋಳಿಗೂಡು 5 ಮಿ.ಮೀ ಆಚೀಚೆ ಆದರೆ ಕೋಳಿ ಏನೂ ಅನ್ನುವುದಿಲ್ಲ. ಜೇನು ಹಾಗಲ್ಲ. ಅಮೆರಿಕದ ಲ್ಯಾಂಗ್‌ಸ್ಟ್ರಾತ್ 1851ರಲ್ಲಿ ಕಂಡುಕೊಂಡ ಸಂಗತಿಯ ಮೇಲೇ ಇವತ್ತಿನ ಎಲ್ಲ ಪೆಟ್ಟಿಗೆಗಳೂ ನಿಂತಿವೆ. ಜೇನುನೊಣ ತನ್ನ ಓಡಾಟಕ್ಕೆ ಒಂದು ನಿರ್ದಿಷ್ಟ ಸಂದು ಬಿಟ್ಟುಕೊಳ್ಳುತ್ತದೆ. ಅಷ್ಟೇ ಸಂದು ನಾವು ಬಿಟ್ಟರೆ ಅಲ್ಲಿ ಅದು ಏನನ್ನೂ ಕಟ್ಟುವುದಿಲ್ಲ. ನಮ್ಮ ತುಡುವೆ ಜೇನಿಗೆ ಈ ಸಂದು 7ರಿಂದ 8 ಮಿ.ಮೀ.

- ಸಂದು ಇದಕ್ಕಿಂತ ಜಾಸ್ತಿಯಾದರೆ, 10 ಮಿ.ಮೀ ದಾಟಿದರೆ, ಅಲ್ಲಿ ಅಡ್ಡಾದಿಡ್ಡಿ ಎರಿ ಕಟ್ಟಿ ಚೌಕಟ್ಟನ್ನು ಗೋಡೆಗೆ ಬೆಸೆದುಬಿಡುತ್ತವೆ. ಎತ್ತಿದರೆ ಹರಿಯುತ್ತದೆ.
- ಕಡಿಮೆಯಾದರೆ ನೊಣ ನುಸುಳಲಾಗದು. ಯುರೋಪಿನ ಜೇನಾದರೆ ಅಂಟು ಮೆತ್ತಿ ಆ ಸಂದು ಮುಚ್ಚುತ್ತದೆ. ತುಡುವೆ ಅಂಟು ಬಳಸುವುದಿಲ್ಲ. ಹಾಗಾಗಿ ನೊಣ ಕಾವಲು ಕಾಯಲಾಗದ ಆ ಸಂದಿ ಮೇಣದ ಹುಳುವಿಗೆ ಮನೆ.

ಇನ್ನು ತುಂಡುಗಳ ಲೆಕ್ಕ ನೋಡಿ. ಒಂದು ಚೌಕಟ್ಟಿಗೆ 4 ಪಟ್ಟಿ. ಒಂದು ಕೋಣೆಗೆ 8 ಚೌಕಟ್ಟು ಅಂದರೆ 32 ಪಟ್ಟಿ. 10 ಪೆಟ್ಟಿಗೆಗೆ 320. ಪ್ರತಿಯೊಂದಕ್ಕೂ ಟೇಪು ಹಿಡಿದರೆ 320 ಸಲ ತಪ್ಪಲು ಅವಕಾಶ. ಜಿಗ್ ಇದ್ದರೆ ಮೂರು ಸಲ ಅಳೆದರೆ ಸಾಕು.

ಮೊದಲು ಅಳತೆ ಗೊತ್ತು ಮಾಡಿಕೊಳ್ಳಿ

ನನ್ನದು ಐಎಸ್‌ಐ 'ಎ' ಮಾದರಿಯ ಅಳತೆ. ಚೌಕಟ್ಟಿನ ಒಳ ಅಳತೆ 210 × 145 ಮಿ.ಮೀ. ಎಲ್ಲ ಪಟ್ಟಿಗಳನ್ನೂ 10 ಮಿ.ಮೀ ದಪ್ಪ ಹಿಡಿದರೆ ನಾನು ಕೊಯ್ಯುವ ಉದ್ದಗಳು ಹೀಗೆ:

- ಪಕ್ಕದ ಪಟ್ಟಿ: 145 ಮಿ.ಮೀ, ಎರಡು
- ಕೆಳಪಟ್ಟಿ: 230 ಮಿ.ಮೀ, ಒಂದು
- ಮೇಲ್ಪಟ್ಟಿ: 264 ಮಿ.ಮೀ, ಒಂದು. ಎರಡೂ ಬದಿ ಚಾಚಿದ ಕಿವಿಗಳು ಸೇರಿ.

ಚೌಕಟ್ಟಿನ ಹೊರ ಅಗಲ 230. ಎರಡೂ ಕಡೆ 8 ಮಿ.ಮೀ ಸಂದು ಬಿಟ್ಟರೆ ಪೆಟ್ಟಿಗೆಯ ಒಳ ಉದ್ದ 246 ಮಿ.ಮೀ. ಈ 246 ಮತ್ತು ಆ 230, ಇವೆರಡು ಸರಿ ಬಂದರೆ ಅರ್ಧ ಗೆದ್ದ ಹಾಗೆ.

ನಿಮ್ಮ ಊರಲ್ಲಿ ನ್ಯೂಟನ್ ಮಾದರಿಯ ಪೆಟ್ಟಿಗೆ ನಡೆಯುತ್ತಿದ್ದರೆ ಅದನ್ನೇ ಹಿಡಿಯಿರಿ. ಪುಸ್ತಕದ ಅಳತೆಗಿಂತ ಪಕ್ಕದ ಮನೆಯವರ ಚೌಕಟ್ಟು ನಿಮ್ಮಲ್ಲಿ ಕೂರುವುದು ಮುಖ್ಯ. ಎರಿ ಕೊಡು-ಕೊಳ್ಳುವುದು ಅವರ ಜೊತೆಗೇ ತಾನೆ? ಒಂದು ಒಳ್ಳೆಯ ಪೆಟ್ಟಿಗೆ ತಂದು ಸ್ಟೀಲ್ ಸ್ಕೇಲಿನಲ್ಲಿ ಅಳೆದು ಗೋಡೆ ಮೇಲೆ ಬರೆದಿಡಿ.

ಜಿಗ್ 1: ಪಟ್ಟಿ ಕೊಯ್ಯುವ ತೊಟ್ಟಿ

ಬೇಕಾದ್ದು: 18 ಮಿ.ಮೀ ಪ್ಲೈವುಡ್ಡಿನ ಹಳೆ ತುಂಡು, ಸ್ಕ್ರೂ, ಫೆವಿಕಾಲ್ ಥರದ ಅಂಟು, ಮೂಲೆಮಟ್ಟ, ಕೈಗರಗಸ. ಜಿಗ್‌ಗೆ ಹಲಗೆಗಿಂತ ಪ್ಲೈ ಒಳ್ಳೆಯದು. ಮಳೆಗಾಲದಲ್ಲಿ ಹಲಗೆ ಉಬ್ಬುತ್ತದೆ, ಪ್ಲೈ ಅಷ್ಟು ಆಡುವುದಿಲ್ಲ.

1. ತಳಕ್ಕೆ 600 × 120 ಮಿ.ಮೀ ತುಂಡು. ಅದರ ಉದ್ದದ ಎರಡೂ ಅಂಚಿಗೆ 70 ಮಿ.ಮೀ ಎತ್ತರದ ಗೋಡೆ ನಿಲ್ಲಿಸಿ ಅಂಟು, ಸ್ಕ್ರೂ ಹಾಕಿ. ನೀರಿನ ತೊಟ್ಟಿಯಂತೆ, ಆದರೆ ಎರಡು ತುದಿ ತೆರೆದಿರಬೇಕು.
2. ತಳದ ಅಡಿಗೆ, ನಿಮ್ಮ ಕಡೆಯ ಅಂಚಿನಲ್ಲಿ ಒಂದು ರೀಪು ಬಡಿಯಿರಿ. ಇದು ಮೇಜಿನ ಅಂಚಿಗೆ ಕೊಕ್ಕೆಯಂತೆ ಸಿಕ್ಕಿ, ಕೊಯ್ಯುವಾಗ ತೊಟ್ಟಿ ಜಾರದಂತೆ ತಡೆಯುತ್ತದೆ.
3. ಒಂದು ತುದಿಯಿಂದ ಸುಮಾರು 150 ಮಿ.ಮೀ ಬಿಟ್ಟು ಎರಡೂ ಗೋಡೆಯ ಮೇಲೆ ಅಡ್ಡಕ್ಕೆ ಮೂಲೆಮಟ್ಟದಿಂದ ಗೆರೆ ಎಳೆಯಿರಿ. ಅದೇ ಗೆರೆಯನ್ನು ಗೋಡೆಗಳ ಮುಖದ ಮೇಲೂ ನೇರ ಕೆಳಗೆ ಇಳಿಸಿ.
4. ಈ ಗೆರೆ ಹಿಡಿದು ಎರಡೂ ಗೋಡೆಯನ್ನು ಒಟ್ಟಿಗೇ, ನಿಧಾನಕ್ಕೆ, ತಳ ಮುಟ್ಟುವವರೆಗೆ ಕೊಯ್ಯಿರಿ. ಮುಂದೆ ಪಟ್ಟಿ ಕೊಯ್ಯುವುದೂ ಇದೇ ಗರಗಸದಲ್ಲಿ. ಬೇರೆ ದಪ್ಪ ಗರಗಸ ಬಂದರೆ ಸೀಳು ಅಗಲವಾಗಿ ಜಿಗ್ ಹಾಳು.
5. ಸೀಳಿನಿಂದ 264 ಮಿ.ಮೀ ದೂರಕ್ಕೆ ತೊಟ್ಟಿಯೊಳಗೆ ಒಂದು ತಡೆಮರ ಇಟ್ಟು ಕ್ಲ್ಯಾಂಪ್ ಹಾಕಿ. ಸ್ಕ್ರೂ ಈಗಲೇ ಬೇಡ.

ಈಗ ಮುಖ್ಯ ಹೆಜ್ಜೆ. ಒಂದು ಪಟ್ಟಿ ಕೊಯ್ದು, ಜಿಗ್ ಅಲ್ಲ, ಆ ಪಟ್ಟಿಯನ್ನು ಅಳೆಯಿರಿ. ಗರಗಸ ಒಂದೂವರೆ ಮಿ.ಮೀ ಅಷ್ಟು ಮರ ತಿನ್ನುತ್ತದೆ. ಆ ತಿಂದ ಭಾಗ ಗೆರೆಯ ಯಾವ ಕಡೆಗೆ ಹೋಯಿತು ಅನ್ನುವುದು ಪಟ್ಟಿ ಅಳೆದರೆ ಮಾತ್ರ ತಿಳಿಯುತ್ತದೆ. 263 ಬಂದರೆ ತಡೆಮರ ಸ್ವಲ್ಪ ಹಿಂದೆ, 265 ಬಂದರೆ ಮುಂದೆ. ಸರಿ 264 ಬಂದ ಮೇಲೆ ಎರಡು ಸ್ಕ್ರೂ ಹಾಕಿ ಭದ್ರ ಮಾಡಿ. ಒಂದೇ ಸ್ಕ್ರೂ ಆದರೆ ತಡೆಮರ ತಿರುಗುತ್ತದೆ.

ಉಳಿದ ಎರಡು ಅಳತೆಗೆ ಬೇರೆ ಜಿಗ್ ಬೇಡ. ತಡೆಮರದ ಮುಂದೆ 34 ಮಿ.ಮೀ ಉದ್ದದ ತುಂಡು ಇಟ್ಟರೆ ಪಟ್ಟಿ 230 ಬರುತ್ತದೆ. 119 ಮಿ.ಮೀ ತುಂಡು ಇಟ್ಟರೆ 145 ಬರುತ್ತದೆ. ಈ ಎರಡು ತುಂಡಿನ ಮೇಲೆ 'ಕೆಳಪಟ್ಟಿ', 'ಪಕ್ಕದ ಪಟ್ಟಿ' ಅಂತ ಬರೆದು ತೊಟ್ಟಿಗೇ ದಾರದಲ್ಲಿ ಕಟ್ಟಿ. ನಾನು ಒಂದು ಸಲ ಕಳೆದುಕೊಂಡು ಅರ್ಧ ದಿನ ಹುಡುಕಿದ್ದೇನೆ.

ಇಲ್ಲಿ ಆಗುವ ಎರಡು ತಪ್ಪುಗಳು

ಒಂದು, ಮರದ ಪುಡಿ. ತಡೆಮರದ ಬುಡದಲ್ಲಿ ಪುಡಿ ಸೇರಿದರೆ ಪಟ್ಟಿ ಪೂರ್ತಿ ಒಳಗೆ ಹೋಗದೆ ಅರ್ಧ ಮಿ.ಮೀ, ಒಂದು ಮಿ.ಮೀ ಗಿಡ್ಡ ಬರುತ್ತದೆ. ಕಣ್ಣಿಗೆ ಕಾಣುವುದೂ ಇಲ್ಲ. ಅದಕ್ಕೆ ತಡೆಮರದ ಕೆಳಮೂಲೆಯನ್ನು ಉಳಿಯಿಂದ ಸ್ವಲ್ಪ ಹೆರೆದು ಪುಡಿಗೆ ಜಾಗ ಮಾಡಿ. ಎರಡು ಮೂರು ಪಟ್ಟಿಗೊಮ್ಮೆ ತೊಟ್ಟಿ ಬಗ್ಗಿಸಿ ಕೊಡವಿ.

ಎರಡು, ಕೊಯ್ದ ಪಟ್ಟಿ ಇಟ್ಟು ಗೆರೆ ಎಳೆದು ಮುಂದಿನದನ್ನು ಕೊಯ್ಯುವುದು. ಎರಡನೆಯದರಿಂದ ಮೂರನೆಯದು, ಮೂರನೆಯದರಿಂದ ನಾಲ್ಕನೆಯದು ಅಂತ ಹೋದರೆ ಪೆನ್ಸಿಲ್ಲಿನ ದಪ್ಪದಷ್ಟು ಪ್ರತಿ ಸಲ ಬೆಳೆಯುತ್ತದೆ. ನನ್ನ ಮೊದಲ ಪೆಟ್ಟಿಗೆಗಳಲ್ಲಿ ಆದದ್ದು ಇದೇ. ಮೊದಲು ಸರಿ ಬಂದ ಪಟ್ಟಿಗೆ ಕೆಂಪು ಬಣ್ಣ ಬಳಿದು ಗೋಡೆಗೆ ನೇತುಹಾಕಿ. ಹತ್ತು ಪಟ್ಟಿಗೊಮ್ಮೆ ಅದರ ಜೊತೆ ಹೋಲಿಸಿ ನೋಡಲು ಮಾತ್ರ ಅದು.

ಜಿಗ್ 2: ಕೊಯ್ಯುವ ಮೆಷಿನ್ನಿಗೆ ದಾರಿ ತೋರಿಸುವ ಪಟ್ಟಿ

ಪೆಟ್ಟಿಗೆಯ ಗೋಡೆಗೆ ಅಗಲ ಹಲಗೆ ಬೇಕು, ತೊಟ್ಟಿಯಲ್ಲಿ ಅದು ಕೂರುವುದಿಲ್ಲ. ಈಗ ಬಹಳ ಮನೆಗಳಲ್ಲಿ ಕೈಯಲ್ಲಿ ಹಿಡಿಯುವ ಸರ್ಕ್ಯುಲರ್ ಸಾ ಇದೆ. ಬರಿಗೈಯಲ್ಲಿ ಗೆರೆ ಹಿಡಿದು ಅದನ್ನು ಓಡಿಸಿದರೆ ಹಾವು ಹರಿದಂತಾಗುತ್ತದೆ.

1. 6 ಮಿ.ಮೀ ಪ್ಲೈ, 600 ಮಿ.ಮೀ ಉದ್ದ, 250 ಅಗಲ. ಅದರ ಮೇಲೆ ನೇರ ಅಂಚಿನ 12 ಮಿ.ಮೀ ಪ್ಲೈ ಪಟ್ಟಿಯೊಂದನ್ನು ಉದ್ದಕ್ಕೆ ಅಂಟಿಸಿ ಸ್ಕ್ರೂ ಹಾಕಿ.
2. ಮೆಷಿನ್ನಿನ ತಳದ ಅಂಚಿನಿಂದ ಬ್ಲೇಡಿಗೆ ಎಷ್ಟು ದೂರವೋ ಅದಕ್ಕಿಂತ 20 ಮಿ.ಮೀ ಹೆಚ್ಚು ಜಾಗ ಪಟ್ಟಿಯ ಆಚೆ ಉಳಿದಿರಬೇಕು.
3. ಮೆಷಿನ್ನನ್ನು ಪಟ್ಟಿಗೆ ಒತ್ತಿ ಹಿಡಿದು ಒಂದು ಸಲ ಓಡಿಸಿ. ಹೆಚ್ಚಿನ ಪ್ಲೈ ಕತ್ತರಿಸಿ ಬೀಳುತ್ತದೆ. ಈಗ ಉಳಿದ ಅಂಚೇ ಬ್ಲೇಡ್ ಹೋಗುವ ದಾರಿ.
4. ಆ ಹೊಸ ಅಂಚಿಗೆ ಮೂಲೆಮಟ್ಟ ಹಿಡಿದು, ಅಡಿಯಲ್ಲಿ ಒಂದು ತುದಿಗೆ ಅಡ್ಡ ರೀಪು ಬಡಿಯಿರಿ. ಇದು ಹಲಗೆಯ ಪಕ್ಕಕ್ಕೆ ಒತ್ತಿ ಕೂತರೆ ಕೊಯ್ತ ತಾನಾಗಿ ಕಾಟಕೋನ. ರೀಪು ಆ ಅಂಚಿನಿಂದ ಹೊರಗೆ ಬರಬಾರದು.

ಬಳಸುವುದು ಸುಲಭ. ಗೆರೆಯ ಮೇಲೆ ಅಂಚು ಇಡಿ, ಎರಡು ಕ್ಲ್ಯಾಂಪ್ ಹಾಕಿ, ಓಡಿಸಿ. ಜಿಗ್ ಯಾವಾಗಲೂ ನಿಮಗೆ ಬೇಕಾದ ತುಂಡಿನ ಮೇಲೇ ಇರಲಿ, ಬ್ಲೇಡ್ ತಿನ್ನುವುದು ಬೇಡದ ಕಡೆಯದ್ದಾಗಲಿ. ಬ್ಲೇಡ್ ಹಲಗೆಯ ಕೆಳಗೆ 3-4 ಮಿ.ಮೀ ಮಾತ್ರ ಇಣುಕಬೇಕು. ಬ್ಲೇಡ್ ಬದಲಿಸಿದರೆ ಅಂಚನ್ನು ಮತ್ತೆ ಪರೀಕ್ಷಿಸಿ. ದಪ್ಪ ಬೇರೆಯಾದರೆ ಹೊಸ ಜಿಗ್ ಮಾಡಿ.

ಕಾಟಕೋನ ನಿಜಕ್ಕೂ ಬಂದಿದೆಯಾ ಅಂತ ನೋಡಲು ಒಂದು ಉಪಾಯ ಇದೆ. ಎರಡೂ ಪಕ್ಕ ಸಮಾನಾಂತರ ಇರುವ ಅಗಲವಾದ ಪ್ಲೈ ತುಂಡನ್ನು ಅಡ್ಡಕ್ಕೆ ಕೊಯ್ಯಿರಿ. ಒಂದು ಅರ್ಧವನ್ನು ಬೋರಲು ಮಾಡಿ, ನೇರ ರೀಪಿಗೆ ಒತ್ತಿ, ಕೊಯ್ದ ಬಾಯಿಗಳನ್ನು ಮತ್ತೆ ಜೋಡಿಸಿ. ನಡುವೆ ಬೆಳಕು ಕಾಣದಿದ್ದರೆ ಸರಿ. ಒಂದು ತುದಿಯಲ್ಲಿ ಸಂದು ಕಂಡರೆ ಅದು ನಿಮ್ಮ ತಪ್ಪಿನ ಎರಡರಷ್ಟು. ಅರ್ಧದಷ್ಟು ರೀಪು ಸರಿಸಿ.

246 ತಪ್ಪದ ಜೋಡಣೆ

ನಾನು ಮೊದಲು ಉದ್ದದ ಗೋಡೆಗಳನ್ನು ಹೊರಗಿಟ್ಟು, ಅಗಲದ ಗೋಡೆಗಳನ್ನು ಅವುಗಳ ನಡುವೆ ಸೇರಿಸುತ್ತಿದ್ದೆ. ಹಲಗೆ 22 ಮಿ.ಮೀ ಅಂತ ನಂಬಿ 290 ಕೊಯ್ಯುತ್ತಿದ್ದೆ. ಆದರೆ ಮಿಲ್ಲಿನಿಂದ ಬರುವ ಹಲಗೆ ಒಂದು 21, ಇನ್ನೊಂದು 24. ದಪ್ಪ ಏರುಪೇರಾದಷ್ಟೂ ಒಳ ಉದ್ದ ಏರುಪೇರು. ನನ್ನ 4 ಮಿ.ಮೀ ಹೋದದ್ದು ಇಲ್ಲಿ.

ಈಗ ತಿರುಗಿಸಿದ್ದೇನೆ. ಉದ್ದದ ಗೋಡೆಗಳನ್ನು ಸರಿಯಾಗಿ 246ಕ್ಕೆ ಕೊಯ್ದು ಒಳಗಿಡುತ್ತೇನೆ. ಅಗಲದ ಗೋಡೆ ಅವುಗಳ ತುದಿಗೆ ಹೊರಗಿನಿಂದ ಬರುತ್ತದೆ. ಹಲಗೆ ಎಷ್ಟೇ ದಪ್ಪ ಇರಲಿ, ಒಳ ಉದ್ದ 246 ಕದಲುವುದಿಲ್ಲ. ಒಂದು ಪೆಟ್ಟಿಗೆಯ ಎರಡೂ ಉದ್ದದ ಗೋಡೆಗಳನ್ನು ಒಂದರ ಮೇಲೊಂದು ಕ್ಲ್ಯಾಂಪ್ ಮಾಡಿ ಒಟ್ಟಿಗೇ ಕೊಯ್ದರೆ ಅವು ಅವಳಿ ಮಕ್ಕಳ ಹಾಗೆ. ಮೊಳೆ ಪೂರ್ತಿ ಇಳಿಸುವ ಮೊದಲು ಮೂಲೆಯಿಂದ ಮೂಲೆಗೆ ಎರಡೂ ಕರ್ಣ ಅಳೆಯಿರಿ. ಎರಡೂ ಒಂದೇ ಬಂದರೆ ಪೆಟ್ಟಿಗೆ ಚೌಕ.

ಜಿಗ್ 3: ಗರಗಸಕ್ಕೆ ಆಳದ ತಡೆ

ಚೌಕಟ್ಟಿನ ಕಿವಿ ಕೂರಲು ಅಗಲದ ಗೋಡೆಗಳ ಮೇಲಂಚಿನ ಒಳಬದಿಗೆ ಕಚ್ಚು ಬೇಕು. ನನ್ನದು 18 ಮಿ.ಮೀ ಆಳ, 11 ಮಿ.ಮೀ ಅಗಲ. ಕಿವಿ 10 ಮಿ.ಮೀ ದಪ್ಪ, ಅದರ ಮೇಲೆ 8 ಮಿ.ಮೀ ಓಡಾಟದ ಸಂದು. ಎರಡೂ ಕಚ್ಚು ಸೇರಿ 268 ಆಗುತ್ತದೆ, ಮೇಲ್ಪಟ್ಟಿ 264. ಬೆರಳಿಗೆ ಸುಲಭವಾಗಿ ಎದ್ದು ಬರುತ್ತದೆ.

ಕಚ್ಚಿಗೆ ಎರಡು ಕೊಯ್ತ: ಒಳಮುಖದಿಂದ 11 ಮಿ.ಮೀ ಆಳ, ಮೇಲಂಚಿನಿಂದ 18 ಮಿ.ಮೀ ಆಳ. ಗರಗಸದ ಅಲಗಿನ ಎರಡೂ ಬದಿಗೆ ನೇರವಾದ ರೀಪು ಹಿಡಿದು, ಹಲ್ಲಿನ ತುದಿಯಿಂದ 11 ಮಿ.ಮೀ ಮಾತ್ರ ಹೊರಗೆ ಉಳಿಯುವಂತೆ ಕ್ಲ್ಯಾಂಪ್ ಮಾಡಿ. ರೀಪು ಹಲಗೆಗೆ ತಾಗಿದ ಕೂಡಲೆ ಗರಗಸ ಇನ್ನು ಇಳಿಯದು. ಎರಡನೆಯದಕ್ಕೆ 18ಕ್ಕೆ ಸರಿಸಿ. ಗೆರೆಯುದ್ದಕ್ಕೂ ಇನ್ನೊಂದು ರೀಪು ಕಟ್ಟಿಕೊಂಡರೆ ಗರಗಸ ಪಕ್ಕಕ್ಕೂ ಹೋಗುವುದಿಲ್ಲ. ಮೊದಲ ಕೊಯ್ತ ಮೆಷಿನ್ನಿನಲ್ಲಿ ಆಳ ಹೊಂದಿಸಿ ಮಾಡಬಹುದು. ಎರಡನೆಯದನ್ನು ಮಾತ್ರ ಕೈಗರಗಸದಲ್ಲೇ ಮಾಡಿ. 22 ಮಿ.ಮೀ ಅಂಚಿನ ಮೇಲೆ ಮೆಷಿನ್ ನಿಲ್ಲುವುದಿಲ್ಲ, ವಾಲಿದರೆ ಕೈಗೇ ಬರುತ್ತದೆ.

ಕಚ್ಚು ಗೋಡೆಯ ಈ ತುದಿಯಿಂದ ಆ ತುದಿಗೆ ಹೋಗುವುದರಿಂದ ಪೆಟ್ಟಿಗೆ ಜೋಡಿಸಿದ ಮೇಲೆ ನಾಲ್ಕು ಮೂಲೆಯಲ್ಲಿ ಸಣ್ಣ ತೂತು ಉಳಿಯುತ್ತದೆ. ಅಷ್ಟೇ ಅಳತೆಯ ಮರದ ತುಂಡು ಅಂಟು ಹಾಕಿ ತುರುಕಿ. ಬಿಟ್ಟರೆ ಇರುವೆಗೆ ಹೆದ್ದಾರಿ.

ಜಿಗ್ ಕೂಡ ಉಳಿಸಲಾಗದ ತಪ್ಪು: ಹಸಿ ಮರ

ಮರ ಒಣಗುವಾಗ ಉದ್ದಕ್ಕೆ ಹೆಚ್ಚು ಕುಗ್ಗುವುದಿಲ್ಲ, ಅಗಲಕ್ಕೆ ಕುಗ್ಗುತ್ತದೆ. ಅಂದರೆ 246 ಹಾಗೇ ಉಳಿದು ಪೆಟ್ಟಿಗೆಯ ಎತ್ತರ ಒಂದೆರಡು ಮಿ.ಮೀ ಬದಲಾಗಬಹುದು, ಹಸಿ ಇದ್ದರೆ ಇನ್ನೂ ಹೆಚ್ಚು. ಹಲಗೆಗಳನ್ನು ನಡುವೆ ರೀಪು ಕೊಟ್ಟು, ನೆರಳಲ್ಲಿ ಗಾಳಿಯಾಡುವಂತೆ ಪೇರಿಸಿ ಚೆನ್ನಾಗಿ ಒಣಗಿಸಿ. ಕೊಯ್ಯುವ ಕೆಲಸ ಬೇಸಿಗೆಯಲ್ಲೇ ಮುಗಿಸಿ. ಪೆಟ್ಟಿಗೆಯ ಒಳಗೆ ಬಣ್ಣ, ವಾರ್ನಿಷ್ ಬೇಡವೇ ಬೇಡ.

ಕೈ ಜೋಪಾನ

- ಲುಂಗಿ, ಹೆಗಲ ಮೇಲಿನ ಟವೆಲ್, ಸಡಿಲ ತೋಳಿನ ಅಂಗಿ ಮೆಷಿನ್ ಹತ್ತಿರ ಬೇಡ. ಕನ್ನಡಕ, ಮಾಸ್ಕ್ ಬೇಕೇ ಬೇಕು.
- ಆಂಗಲ್ ಗ್ರೈಂಡರಿಗೆ ಮರ ಕೊಯ್ಯುವ ಹಲ್ಲಿನ ಬ್ಲೇಡ್ ಹಾಕುವ ವಿಡಿಯೋಗಳು ಮೊಬೈಲಲ್ಲಿ ಬರುತ್ತವೆ. ಮಾಡಬೇಡಿ. ಬ್ಲೇಡ್ ಮರಕ್ಕೆ ಕಚ್ಚಿದರೆ ಮೆಷಿನ್ ಕೈಯಿಂದ ಹಾರುತ್ತದೆ.
- 145 ಮಿ.ಮೀ ಪಟ್ಟಿಯಂಥ ಸಣ್ಣ ತುಂಡನ್ನು ಕೈಯಲ್ಲಿ ಹಿಡಿದು ಮೆಷಿನ್ನಿಗೆ ಕೊಡಬೇಡಿ. ಅದಕ್ಕೇ ತೊಟ್ಟಿ ಇರುವುದು.
- ಕೊಟ್ಟಿಗೆಯ ಒದ್ದೆ ನೆಲದ ಮೇಲೆ ನಿಂತು ಕರೆಂಟಿನ ಮೆಷಿನ್ ಹಿಡಿಯಬೇಡಿ. ಬ್ಲೇಡ್ ಮುಟ್ಟುವ ಮೊದಲು ಪ್ಲಗ್ ಕಿತ್ತಿಡಿ.

ಎಲ್ಲಿಂದ ಶುರು ಮಾಡುವುದು?

ಈ ಭಾನುವಾರ ಜಿಗ್ 1 ಮಾತ್ರ ಮಾಡಿ. ಹಳೆ ರೀಪಿನಲ್ಲಿ ಹತ್ತು ತುಂಡು ಕೊಯ್ದು ಮೇಜಿನ ಮೇಲೆ ಒಟ್ಟಿಗೆ ನಿಲ್ಲಿಸಿ, ಮೇಲಿನಿಂದ ಅಂಗೈ ಸವರಿ. ಕೈಗೆ ಮೆಟ್ಟಿಲು ಸಿಗದಿದ್ದರೆ ನಿಮ್ಮ ಜಿಗ್ ಗೆದ್ದಿತು. ಡ್ರಿಪ್ಪಿನ ಪಿವಿಸಿ ಪೈಪು, ನರ್ಸರಿಯ ಗೂಟ, ತರಕಾರಿ ಕ್ರೇಟಿನ ಪಟ್ಟಿ ಕೊಯ್ಯಲೂ ಅದೇ ತೊಟ್ಟಿ ಸಾಕು.

ಕಳೆದ ಬೇಸಿಗೆಯಲ್ಲಿ ಪಕ್ಕದ ಮನೆಯವರ ಒಂದು ಸಂಸಾರ ರಾಣಿ ಕಳೆದುಕೊಂಡಿತು. ಸಂಜೆ ನನ್ನ ಪೆಟ್ಟಿಗೆಯಿಂದ ಮೊಟ್ಟೆ ಇರುವ ಎರಿಯೊಂದನ್ನು ಒಯ್ದು ಕೊಟ್ಟೆ. ಅವರದು ಹಳೆಯ ಸಾಗುವಾನಿ ಪೆಟ್ಟಿಗೆ, ನನ್ನದು ಹಲಸಿನ ಚೌಕಟ್ಟು. ಎರಡು ಬೆರಳಲ್ಲಿ ಹಿಡಿದು ಬಿಟ್ಟೆ, ತಾನಾಗಿ ಹೋಗಿ ಕೂತಿತು. ಒತ್ತುವ ಅಗತ್ಯವೇ ಬರಲಿಲ್ಲ.

ಚೌಕಟ್ಟುಗಳ ನಡುವಿನ ಅಂತರ ಹಿಡಿಯುವುದು ಹೇಗೆ ಅಂತ ಮುಂದಿನ ವಾರ ನೋಡೋಣ.